ಪೆಡಲ್ ಮತ್ತು ಮೆಟ್ಟಿಲು

ವಾಟ್ಸಾಪ್ ಸ್ಟೇಟಸ್‌ನಲ್ಲಿ, ಇನ್‌ಸ್ಟಾದಲ್ಲಿ ಒಂದು ಜಾತಿಯ ವೀಡಿಯೊ ಆಗಾಗ ಬರ್ತಾ ಇರುತ್ತದೆ. ಕಣ್ಣು ಕಾಣದ ಹುಡುಗ ಹಾಡ್ತಾನೆ. ಕೈ ಇಲ್ಲದ ಹುಡುಗಿ ಕಾಲಿನಲ್ಲಿ ಚಿತ್ರ ಬಿಡಿಸ್ತಾಳೆ. ಹಿನ್ನೆಲೆಯಲ್ಲಿ ದುಃಖದ ಮ್ಯೂಸಿಕ್. ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಉಪದೇಶ: ಇವರೇ ಇಷ್ಟು ಮಾಡುವಾಗ ನಿಮಗೆಂತ ಕಷ್ಟ? ಇಂಟರ್ನಲ್ಸ್ ಹಿಂದಿನ ರಾತ್ರಿ ಇದನ್ನು ನೋಡಿದರೆ ಹತ್ತು ನಿಮಿಷ ಓದುವ ಹುಮ್ಮಸ್ಸು ಬರುತ್ತದೆ, ಆಮೇಲೆ ಮುಗೀತು. ಆ ಹುಡುಗನ ಹೆಸರೇನು, ಅವನಿಗೆ ಹಾಡು ಕಲಿಸಿದ್ದು ಯಾರು, ಮುಂದೆ ಅವನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತಾ ಅಂತ ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ಈ ಥರದ ಕಥೆಗಳೆಲ್ಲ ಒಂದೇ ಪ್ರತ್ಯಯದ ಮೇಲೆ ನಿಂತಿವೆ: "ಇಲ್ಲದಿದ್ದರೂ". ಕಣ್ಣಿಲ್ಲದಿದ್ದರೂ, ಕಾಲಿಲ್ಲದಿದ್ದರೂ, ಕಿವಿ ಕೇಳದಿದ್ದರೂ. ಈ "ಇಲ್ಲದಿದ್ದರೂ" ಮೇಲೆ ನಮಗೊಂದು ತಕರಾರು ಉಂಟು. ಅದು ಎಲ್ಲವನ್ನೂ ಒಬ್ಬ ವ್ಯಕ್ತಿಯ ಮನೋಬಲಕ್ಕೆ ಕಟ್ಟಿ ಕೈತೊಳೆದುಕೊಳ್ಳುತ್ತದೆ. ಆ ವ್ಯಕ್ತಿಯ ಸುತ್ತ ಯಾರು ಏನು ಬದಲಾಯಿಸಿದರು, ಯಾವ ವಸ್ತುವನ್ನು ತಿದ್ದಿದರು, ಯಾವುದನ್ನು ತಿದ್ದದೆ ಬಿಟ್ಟರು ಅನ್ನುವ ಲೆಕ್ಕ ಅಲ್ಲಿ ಕಾಣುವುದಿಲ್ಲ. ಇಂಜಿನಿಯರಿಂಗ್ ಓದುವ ನಮಗೆ ಬೇಕಾದ್ದು ಆ ಲೆಕ್ಕವೇ.

ಮೊದಲು ಒಬ್ಬ ಜಾಝ್ ಪಿಯಾನೊ ವಾದಕರ ಕಥೆ ಹೇಳ್ತೇವೆ. ಜಾಝ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಾಫಿ ಶಾಪಿನಲ್ಲಿ ಕೇಳುವ ಸಂಗೀತ. ನಮ್ಮ ಕಡೆಯ ಹೋಲಿಕೆ ಬೇಕಾದರೆ ತಾಳಮದ್ದಳೆ ನೆನಪಿಸಿಕೊಳ್ಳಿ. ಪ್ರಸಂಗದ ಪದ್ಯ ಮೊದಲೇ ಗೊತ್ತಿರುವಂಥದ್ದು, ಅರ್ಥ ಮಾತ್ರ ಆ ರಾತ್ರಿ ಆ ಕಲಾವಿದ ಅಲ್ಲಿಯೇ ಹುಟ್ಟಿಸಿದ್ದು. ಜಾಝ್‌ನಲ್ಲೂ ಹಾಗೆ. ರಾಗದ ಒಂದು ಚೌಕಟ್ಟು ಇರುತ್ತದೆ, ಅದರೊಳಗೆ ವಾದಕ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸ್ತಾನೆ.

ಮಿಶೆಲ್ ಪೆಟ್ರುಚಿಯಾನಿ ಫ್ರಾನ್ಸಿನ ಒರಾಂಜ್ ಎಂಬ ಊರಿನಲ್ಲಿ 1962ರ ಡಿಸೆಂಬರ್ 28ರಂದು ಹುಟ್ಟಿದರು. ಹುಟ್ಟಿನಿಂದಲೇ ಎಲುಬುಗಳು ಸುಲಭವಾಗಿ ಮುರಿಯುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಕಾಯಿಲೆ. ದೇಹ ಬೆಳೆದದ್ದು ಸುಮಾರು ಮೂರು ಅಡಿ ಮಾತ್ರ. ತಂದೆ ಗಿಟಾರ್ ನುಡಿಸುವವರು, ಮನೆ ತುಂಬ ಸಂಗೀತ. ನಾಲ್ಕು ವರ್ಷದ ಮಗು ಟಿವಿಯಲ್ಲಿ ಡ್ಯೂಕ್ ಎಲಿಂಗ್ಟನ್ ಪಿಯಾನೊ ನುಡಿಸುವುದನ್ನು ನೋಡಿ ತನಗೂ ಅದೇ ಬೇಕು ಅಂತ ಹಟ ಹಿಡಿಯಿತಂತೆ. ಆಟಿಕೆ ಪಿಯಾನೊ ಕೊಟ್ಟದ್ದಕ್ಕೆ ಸಿಟ್ಟಾಗಿ ಸುತ್ತಿಗೆಯಿಂದ ಒಡೆದು ಹಾಕಿತು ಅಂತ ಹೇಳ್ತಾರೆ. ನಿಜವಾದ ಪಿಯಾನೊ ಬಂತು. ಕೈಬೆರಳಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕಾಲಿಗೆ.

ಪಿಯಾನೊದ ಕೆಳಗೆ ಪೆಡಲ್‌ಗಳಿರುತ್ತವೆ. ಬಲಗಡೆಯ ಪೆಡಲ್ ಒತ್ತಿದರೆ ತಂತಿಗಳ ಮೇಲಿನ ಡ್ಯಾಂಪರ್‌ಗಳು ಮೇಲೇಳುತ್ತವೆ, ಬೆರಳು ತೆಗೆದರೂ ಸ್ವರ ನಿಲ್ಲದೆ ಗುಂಯ್‌ಗುಡುತ್ತದೆ. ಇದಿಲ್ಲದೆ ನಿಧಾನಗತಿಯ ಒಂದು ಹಾಡು ನುಡಿಸಿದರೆ ಒಣಗಿದ ಹಾಗೆ ಕೇಳುತ್ತದೆ. ಪೆಟ್ರುಚಿಯಾನಿಯವರ ಕಾಲು ಪೆಡಲ್‌ಗೆ ತಲುಪುತ್ತಿರಲಿಲ್ಲ. ಹಾಗಾಗಿ ಪೆಡಲನ್ನೇ ಅವರ ಕಾಲಿನ ಎತ್ತರಕ್ಕೆ ತರುವ ಒಂದು ಉಪಕರಣ ಮಾಡಿ ಪಿಯಾನೊಗೆ ಜೋಡಿಸಿದರು. ಸಮಸ್ಯೆ ಅಲ್ಲಿಗೆ ಮುಗಿಯಿತು. ಹದಿಹರೆಯದಲ್ಲೇ ವೃತ್ತಿಪರ ವಾದಕರಾದರು, ಅಮೆರಿಕಕ್ಕೆ ಹೋದರು. ಕಛೇರಿ ಕೊಡುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲ್ಸ್ ಲಾಯ್ಡ್ ಈ ಹುಡುಗನ ಪಿಯಾನೊ ಕೇಳಿ ಮತ್ತೆ ವೇದಿಕೆಗೆ ಬಂದರು. ಜಾಝ್ ಲೋಕದ ಹೆಸರಾಂತ ಕಂಪನಿ ಬ್ಲೂ ನೋಟ್ ಪೆಟ್ರುಚಿಯಾನಿಯವರ ರೆಕಾರ್ಡುಗಳನ್ನು ತಂದಿತು. 1999ರ ಜನವರಿ 6ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಇದರಲ್ಲಿ ಇನ್ನೊಂದು ವಿವರ ಉಂಟು. ವೃತ್ತಿಯ ಆರಂಭದ ವರ್ಷಗಳಲ್ಲಿ ಅವರನ್ನು ಯಾರಾದರೂ ಎತ್ತಿಕೊಂಡೇ ವೇದಿಕೆಗೆ ತರಬೇಕಿತ್ತು. ಮುಂದೆ ಊರುಗೋಲು ಹಿಡಿದು ನಡೆದು ಬರುತ್ತಿದ್ದರು. ಅಂದರೆ ಪೆಡಲ್‌ಗೆ ಉತ್ತರ ಸಿಕ್ಕಿತು, ಮೆಟ್ಟಿಲಿಗೆ ಸಿಗಲಿಲ್ಲ. ಪೆಡಲ್ ಅವರ ಸ್ವಂತದ್ದು, ಮನೆಯವರು ತಿದ್ದಬಹುದಾದದ್ದು. ಮೆಟ್ಟಿಲು ಊರಿನದ್ದು, ಸಭಾಂಗಣ ಕಟ್ಟಿದವರದ್ದು. ಆ ಕಟ್ಟಡಗಳ ನಕ್ಷೆ ಬರೆದವರಲ್ಲಿ ನಮ್ಮ ಥರದ ಇಂಜಿನಿಯರುಗಳೂ ಇದ್ದರು ಅನ್ನುವುದನ್ನು ನೆನಪಿಡಿ.

ಫ್ರಾನ್ಸಿನ ಕಥೆ ನಮಗ್ಯಾಕೆ ಅಂತ ಕೇಳಬಹುದು. ಕೀಲಿಮಣೆಯ ಮುಂದೆ ಕುಳಿತ ಇಂಥ ಒಬ್ಬರು ನಮ್ಮ ಕರ್ನಾಟಕದಲ್ಲೇ ಇದ್ದರು. ಗದಗಿನ ಪಂಡಿತ ಪುಟ್ಟರಾಜ ಗವಾಯಿಗಳು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮ್ಮಂಥವರಿಗೆ ಈ ಹೆಸರು ಜಿಕೆ ಪುಸ್ತಕದ ಒಂದು ಸಾಲು ಅಷ್ಟೇ: 2010, ಪದ್ಮಭೂಷಣ. ಉತ್ತರ ಕರ್ನಾಟಕದಿಂದ ಬಂದ ಹಾಸ್ಟೆಲ್ ಗೆಳೆಯರ ಹತ್ತಿರ ಕೇಳಿ ನೋಡಿ, ಅವರು "ಪುಟ್ಟಯ್ಯಜ್ಜ" ಅಂತ ಸ್ವಂತ ಅಜ್ಜನನ್ನು ಕರೆದ ಹಾಗೆ ಕರೀತಾರೆ.

ಅವರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಚಿಕ್ಕಂದಿನಲ್ಲೇ ತಂದೆ ತಾಯಿಯೂ ಇಲ್ಲವಾದರು. ಹಾರ್ಮೋನಿಯಂ ಮೇಲೆ ಹುಡುಗನ ಕೈ ಓಡುವುದನ್ನು ಕಂಡ ಸೋದರಮಾವ ಅವರನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆತಂದರು. ಈ ಒಂದು ಹೆಜ್ಜೆ ಎಲ್ಲವನ್ನೂ ಬದಲಾಯಿಸಿತು ಅನ್ನಬಹುದು. ಯಾಕೆಂದರೆ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. 1892ರಲ್ಲಿ ಹಾನಗಲ್ ಸೀಮೆಯಲ್ಲಿ ಹುಟ್ಟಿದ ಅವರನ್ನು ಗುರುತಿಸಿ ಸಂಗೀತ ಕಲಿಯಲು ವ್ಯವಸ್ಥೆ ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಕಲಿತ ಮೇಲೆ ಪಂಚಾಕ್ಷರಿ ಗವಾಯಿಗಳು ತಮ್ಮ ಹಾಗೆಯೇ ಇದ್ದ ಮಕ್ಕಳನ್ನು, ಅನಾಥರನ್ನು, ಬಡವರನ್ನು ಸೇರಿಸಿಕೊಂಡು ಊರೂರು ತಿರುಗುತ್ತ ಕಲಿಸಿದರು. ಕೊನೆಗೆ ಆ ಶಾಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

ಕಣ್ಣು ಕಾಣದ ಗುರು, ಕಣ್ಣು ಕಾಣದ ಶಿಷ್ಯ. ಇಲ್ಲಿ ಪಾಠದ ವಿಧಾನವೇ ಬೇರೆ ಆಗಬೇಕಲ್ಲ? ಬೋರ್ಡು, ಪುಸ್ತಕ, ಬರೆದುಕೊಳ್ಳಿ ಅನ್ನುವ ಮಾತಿಗೆ ಅಲ್ಲಿ ಕೆಲಸ ಇಲ್ಲ. ಕಿವಿಯಲ್ಲಿ ಕೇಳು, ಬಾಯಲ್ಲಿ ಹೇಳು, ಬೆರಳಿಗೆ ಕೂರಿಸು. ಗುರುವಿಗೆ ಶಿಷ್ಯನ ಕಷ್ಟವನ್ನು ಊಹಿಸಬೇಕಾಗಿ ಇರಲಿಲ್ಲ, ಅದು ಅವರದ್ದೇ ಕಷ್ಟ ಆಗಿತ್ತು. ಈ ಪದ್ಧತಿಯಲ್ಲಿ ಪುಟ್ಟರಾಜರು ಹಿಂದೂಸ್ತಾನಿ ಕಲಿತರು, ಕರ್ನಾಟಕ ಸಂಗೀತವನ್ನೂ ಕಲಿತರು. ಹಾರ್ಮೋನಿಯಂ, ತಬಲಾ, ಪಿಟೀಲು ಸೇರಿ ಹಲವು ವಾದ್ಯಗಳು ಕೈಗೆ ಬಂದವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುಸ್ತಕ ರಚಿಸಿದರು. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ 30 ವರ್ಷದ ಈ ಶಿಷ್ಯನ ಮೇಲೆ ಬಂತು. 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವವರೆಗೆ, ಅಂದರೆ 66 ವರ್ಷ, ಅದನ್ನು ನಡೆಸಿದರು.

ನಡೆಸುವುದು ಅಂದರೆ ದಿನಾ ಅಷ್ಟು ಮಕ್ಕಳಿಗೆ ಊಟ ಹಾಕುವುದು. ಹಣ ಎಲ್ಲಿಂದ? ಅವರು ನಾಟಕ ಕಂಪನಿ ಕಟ್ಟಿದರು. ನಾಟಕ ಬರೆದರು, ಸಂಗೀತ ಕೊಟ್ಟರು, ಊರೂರಿಗೆ ಹೋಗಿ ಆಡಿಸಿದರು, ಅದರ ಗಳಿಕೆಯನ್ನು ಆಶ್ರಮಕ್ಕೆ ಹಾಕಿದರು. ಗುರುಗಳು ಹಾಕಿಕೊಟ್ಟ ದಾರಿಯೂ ಅದೇ ಆಗಿತ್ತು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಒಬ್ಬ ಕಲಾವಿದ, ಒಬ್ಬ ಪ್ರಾಂಶುಪಾಲ, ಒಬ್ಬ ಹಾಸ್ಟೆಲ್ ವಾರ್ಡನ್, ಒಬ್ಬ ಫಂಡ್ ರೈಸರ್, ಎಲ್ಲ ಒಬ್ಬರೇ.

ಭಕ್ತರು ಅವರನ್ನು ನಡೆದಾಡುವ ದೇವರು ಅಂದರು. ಆ ಭಕ್ತಿಗೆ ನಮ್ಮ ಗೌರವ ಉಂಟು. ಆದರೆ ನಮ್ಮ ವಯಸ್ಸಿನವರು ಬರೀ ಅಲ್ಲಿಗೇ ನಿಂತರೆ ಒಂದು ಅಪಾಯ ಇದೆ. ದೇವರು ಅಂದಮೇಲೆ ಅದು ಪವಾಡ ಆಗುತ್ತದೆ, ಪವಾಡವನ್ನು ನಾವು ಕಲಿಯಬೇಕಾಗಿಲ್ಲ, ಕೈಮುಗಿದರೆ ಸಾಕು. ಪುಣ್ಯಾಶ್ರಮದಲ್ಲಿ ನಡೆದದ್ದನ್ನು ಕಲಿಯಬಹುದು. ಅಲ್ಲಿ ಒಂದು ಪಾಠಕ್ರಮ ಇತ್ತು, ಊಟದ ವ್ಯವಸ್ಥೆ ಇತ್ತು, ಆದಾಯದ ಮೂಲ ಇತ್ತು, ಒಬ್ಬ ಗುರುವಿನ ನಂತರ ಇನ್ನೊಬ್ಬ ಗುರು ಬರುವ ಕ್ರಮ ಇತ್ತು.

ಇನ್ನೂ ಒಂದು ವಿಷಯ. ಕಣ್ಣು ಕಾಣದವರಿಗೆ ಹೊಂದುವ ಹಾಗೆ ಬೆಳೆದ ಈ ಶಾಲೆಯಲ್ಲಿ ಕಣ್ಣು ಕಾಣುವವರೂ ಕಲಿತರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಇಂದು ದೇಶವೆಲ್ಲ ಕೇಳುವ ಪಂಡಿತ್ ಎಂ. ವೆಂಕಟೇಶ ಕುಮಾರ್ ಹುಡುಗನಾಗಿ ಪುಣ್ಯಾಶ್ರಮ ಸೇರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪುಟ್ಟರಾಜರ ಬಳಿ ಕಲಿತವರು. ಅಂಚಿನಲ್ಲಿ ಇರುವವರಿಗೆ ಅಂತ ಮಾಡಿದ್ದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಹಾರ್ಮೋನಿಯಂ ವಿಚಾರಕ್ಕೆ ಬರೋಣ, ಇದು ಮೆಕ್ಯಾನಿಕಲ್‌ನವರಿಗೆ ಇಷ್ಟ ಆಗಬಹುದು. ಯುರೋಪಿನಲ್ಲಿ ಹುಟ್ಟಿದ ಹಾರ್ಮೋನಿಯಂ ಮೇಜಿನಷ್ಟು ದೊಡ್ಡದು. ಕುರ್ಚಿಯಲ್ಲಿ ಕೂತು ಎರಡೂ ಕಾಲಿನಿಂದ ತಿದಿ ಒತ್ತಬೇಕು. ನಮ್ಮಲ್ಲಿ ಗಾಯಕರು, ಪಕ್ಕವಾದ್ಯದವರು ಕೂರುವುದು ನೆಲದ ಮೇಲೆ. ಆ ವಾದ್ಯದ ಲೆಕ್ಕದಲ್ಲಿ ನೋಡಿದರೆ ನೆಲದಲ್ಲಿ ಕೂರುವ ಇಡೀ ಹಿಂದೂಸ್ತಾನಕ್ಕೇ ಒಂದು "ಕೊರತೆ". 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದನ್ನು ಚಿಕ್ಕದು ಮಾಡಿ, ತಿದಿಯನ್ನು ಹಿಂಬದಿಗೆ ತಂದು, ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ನುಡಿಸುವ ಹಾಗೆ ಮಾಡಿದರು. ಯಾರೂ ನಮಗೆ "ಕುರ್ಚಿ ಇಲ್ಲದಿದ್ದರೂ ಸಾಧಿಸಿದವರು" ಅಂತ ಸರ್ಟಿಫಿಕೇಟ್ ಕೊಡಲಿಲ್ಲ. ವಾದ್ಯ ಬದಲಾಯಿತು, ಕೊರತೆ ಮಾಯವಾಯಿತು. ಪೆಟ್ರುಚಿಯಾನಿಯವರ ಪೆಡಲ್‌ಗೆ ಮಾಡಿದ್ದೂ ಇದೇ ಕೆಲಸ. ವ್ಯತ್ಯಾಸ ಇಷ್ಟೇ, ಒಂದನ್ನು ಕೋಟಿಗಟ್ಟಲೆ ಜನರಿಗೆ ಮಾಡಿದರು, ಇನ್ನೊಂದನ್ನು ಒಬ್ಬರಿಗೆ.

ಈಗ ನಮ್ಮ ಜಗತ್ತಿಗೆ ಬರೋಣ. ಯಾವ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ಗೆ ಹೋದರೂ ಒಂದು ಟೇಬಲ್ ಮೇಲೆ "ಸ್ಮಾರ್ಟ್ ಬ್ಲೈಂಡ್ ಸ್ಟಿಕ್" ಇರುತ್ತದೆ. ಪಿವಿಸಿ ಪೈಪು, ಆರ್ಡುಯಿನೊ, ಅಲ್ಟ್ರಾಸಾನಿಕ್ ಸೆನ್ಸರ್, ಒಂಬತ್ತು ವೋಲ್ಟ್ ಬ್ಯಾಟರಿ, ಬಜರ್. ಮುಂದೆ ಗೋಡೆ ಬಂದರೆ ಕೀಂ ಅನ್ನುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಬಿಳಿ ಕೋಲು ಹಿಡಿದು ದಿನಾ ನಡೆಯುವ ಒಬ್ಬರನ್ನು ಕೇಳಿ ಮಾಡಿದ ಸ್ಟಿಕ್ ಎಷ್ಟು ಇರಬಹುದು? ಬಿಳಿ ಕೋಲಿನ ತುದಿ ನೆಲಕ್ಕೆ ತಾಗುವ ಸದ್ದಿನಿಂದಲೇ ಡಾಂಬರಾ, ಮಣ್ಣಾ, ಸಿಮೆಂಟಾ ಅಂತ ತಿಳಿಯುತ್ತದೆ. ಬಜರ್ ಆ ಸದ್ದನ್ನೇ ಮುಚ್ಚಿಹಾಕುತ್ತದೆ. ದಾರಿ ತಿಳಿಯಲು ಕಿವಿಯನ್ನೇ ನಂಬಿದವರ ಕಿವಿಗೆ ಅಡ್ಡಿ ಮಾಡುವ ಯಂತ್ರ ಅದು. ಮೇಲಾಗಿ ಮುಂದಕ್ಕೆ ಮುಖ ಮಾಡಿದ ಸೆನ್ಸರ್‌ಗೆ ಗೋಡೆ ಕಾಣುತ್ತದೆ, ನಮ್ಮ ಕಡೆಯ ರಸ್ತೆ ಪಕ್ಕದ ತೆರೆದ ಚರಂಡಿ ಕಾಣುವುದಿಲ್ಲ. ಜೂನ್ ತಿಂಗಳ ಮಳೆಗೆ ಆ ಬ್ರೆಡ್‌ಬೋರ್ಡ್ ಎಷ್ಟು ದಿನ ಬಾಳುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಇದೇ ಕೆಲಸವನ್ನು ದೆಹಲಿಯ ಐಐಟಿಯವರೂ ಮಾಡಿದರು. ಅವರ ಸ್ಮಾರ್ಟ್‌ಕೇನ್ 2014ರಲ್ಲಿ ಬಳಕೆಗೆ ಬಂತು. ಅದು ಬಿಳಿ ಕೋಲನ್ನು ತೆಗೆದುಹಾಕುವುದಿಲ್ಲ, ಅದರ ಹಿಡಿಗೆ ಜೋಡಿಸಿಕೊಳ್ಳುತ್ತದೆ. ಕೋಲಿಗೆ ಸಿಗದ, ಮೊಣಕಾಲಿಗಿಂತ ಮೇಲಿರುವ ಅಡ್ಡಿಗಳನ್ನು ಮಾತ್ರ ಹುಡುಕುತ್ತದೆ. ಸದ್ದು ಮಾಡುವುದಿಲ್ಲ, ಕೈಗೆ ಕಂಪನ ಕೊಡುತ್ತದೆ. ಯಾಕೆ ಹಾಗೆ? ಬಳಸುವವರ ಜೊತೆ ಕೂತು ಮಾಡಿದ್ದರಿಂದ. ಸೆನ್ಸರ್ ತತ್ವ ನಮ್ಮ ಹುಡುಗರು ಹಾಕುವಂಥದ್ದೇ, ಕೇಳಿಸಿಕೊಂಡ ರೀತಿ ಬೇರೆ.

ಸಾಫ್ಟ್‌ವೇರ್‌ನಲ್ಲೂ ಇಂಥ ಒಂದು ಕಥೆ ಉಂಟು, ಅದಕ್ಕೂ ಸಂಗೀತದ ನಂಟು ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಹುಡುಗರಾಗಿದ್ದಾಗ ಕಣ್ಣು ಕಾಣದ ಮಕ್ಕಳ ಒಂದು ಸಂಗೀತ ಶಿಬಿರದಲ್ಲಿ ಭೇಟಿಯಾದರು. ಇಬ್ಬರಿಗೂ ಕಂಪ್ಯೂಟರ್ ಹುಚ್ಚು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶಗಳು ಆಗ ವಿಪರೀತ ದುಬಾರಿ. 2006ರಲ್ಲಿ ಕರನ್ ಶುರುಮಾಡಿದ ಎನ್‌ವಿಡಿಎ ಎಂಬ ಉಚಿತ, ಮುಕ್ತ ತಂತ್ರಾಂಶಕ್ಕೆ ಟೆಹ್ ಜೊತೆಯಾದರು. ಅದು ಕನ್ನಡವನ್ನೂ ಓದುತ್ತದೆ. ಗದಗಿನ ಹಾಗೆಯೇ ಇಲ್ಲೂ, ಕಷ್ಟ ಯಾರದೋ ಪರಿಹಾರವೂ ಅವರದೇ.

ಕನ್ನಡವನ್ನು ಓದುತ್ತದೆ ಅಂದೆವಲ್ಲ, ಒಂದು ಷರತ್ತು ಉಂಟು. ಆ ಕನ್ನಡ ಯೂನಿಕೋಡ್‌ನಲ್ಲಿ ಇರಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳು, ಹೊರಗೆ ಕಾಣುವುದು ಮಾತ್ರ ಕನ್ನಡ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಎಂತೆಂತದೋ ಗೀಚಿದ ಹಾಗೆ ಬರುತ್ತದಲ್ಲ, ಕಣ್ಣು ಕಾಣದ ಓದುಗರಿಗೆ ಇಡೀ ಪುಟ ಕೇಳುವುದು ಹಾಗೆ. ಇನ್ನು ಆಮಂತ್ರಣವನ್ನು ಬರೀ ಚಿತ್ರವಾಗಿ ಹಾಕಿದರೆ ಅದರಲ್ಲಿ ಓದಲಿಕ್ಕೆ ಅಕ್ಷರವೇ ಇರುವುದಿಲ್ಲ. ರಾಜ್ಯೋತ್ಸವಕ್ಕೆ ಎಷ್ಟೊಂದು ಪ್ರೀತಿಯಿಂದ ಪೋಸ್ಟರ್ ಮಾಡುವ ಕನ್ನಡ ಸಂಘಗಳು ರಾಜ್ಯದಲ್ಲಿ ಸಾವಿರಾರು ಇವೆ. ಪೋಸ್ಟರ್ ಕೆಳಗೆ ಅದೇ ವಿಷಯವನ್ನು ನಾಲ್ಕು ಸಾಲು ಟೈಪ್ ಮಾಡಿ ಹಾಕಲಿಕ್ಕೆ ಎರಡು ನಿಮಿಷ ಸಾಕು. ಕನ್ನಡ ಉಳಿಸಿ ಅನ್ನುವಾಗ ಯಾರಿಗೆ ಉಳಿಸಿ ಅನ್ನುವ ಪ್ರಶ್ನೆಯೂ ಅದರಲ್ಲಿ ಇರಬೇಕಲ್ಲವಾ?

ಸಿವಿಲ್‌ನವರಿಗೂ ಒಂದು ಲೆಕ್ಕ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪಿರುವ ಪ್ರಮಾಣ 1:12. ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲು ಅಂದರೆ 45 ಸೆಂ.ಮೀ. ಎತ್ತರ, ಅದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ನಾವು ಊರಲ್ಲಿ ನೋಡುವ ಎಷ್ಟೋ ಇಳಿಜಾರುಗಳು ಒಂದೂವರೆ ಮೀಟರಿಗೆ ಮುಗಿದುಹೋಗುತ್ತವೆ. ಅದು ಬೈಕ್ ಹತ್ತಿಸಲಿಕ್ಕೆ ಸರಿ. ಅದರ ಮೇಲೆ ಕರಾವಳಿಯ ಮಳೆ, ಮಳೆಯ ನಂತರ ಪಾಚಿ. ತೋಡಾರಿನ ಏರುತಗ್ಗಿನಲ್ಲಿ ಚಪ್ಪಲಿ ಜಾರುವುದು ನಮಗೆಲ್ಲ ಗೊತ್ತು, ಊರುಗೋಲು ಜಾರುವುದನ್ನು ಊಹಿಸಿ. ಮಂಗಳೂರು–ಮೂಡುಬಿದಿರೆ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರವನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಅಂತ ಹೆಸರು ಬದಲಾಗುತ್ತಾ ಬಂತು, ಮೆಟ್ಟಿಲು ಮಾತ್ರ ಅಷ್ಟೇ ಎತ್ತರ ಇದೆ.

ನಾವು ಇದನ್ನು ಗೆಳೆಯರಲ್ಲಿ ಹೇಳಿದಾಗ ಎರಡು ಆಕ್ಷೇಪ ಬಂತು. ಒಂದು, "ಸ್ಫೂರ್ತಿ ಪಡೆಯುವುದರಲ್ಲಿ ಎಂತ ತಪ್ಪುಂಟು ಮಾರಾಯ?" ತಪ್ಪಿಲ್ಲ. ಪೆಟ್ರುಚಿಯಾನಿಯವರ ಪಿಯಾನೊ ಕೇಳಿ, ಪುಟ್ಟರಾಜರ ಹಾಡು ಕೇಳಿ. ಆದರೆ ಅವರನ್ನು ಕೇಳುವುದು ಸಂಗೀತಕ್ಕಾಗಿ ಇರಲಿ, ನಮ್ಮ ಕಷ್ಟವನ್ನು ಚಿಕ್ಕದು ಮಾಡಿಕೊಳ್ಳಲಿಕ್ಕೆ ಬೇಡ.

ಎರಡನೆಯ ಆಕ್ಷೇಪ, "ನಮ್ಮಲ್ಲಿ ಅಂಥ ವಿದ್ಯಾರ್ಥಿಗಳು ಎಷ್ಟು ಜನ ಇದ್ದಾರೆ, ಅದಕ್ಕೆ ಇಷ್ಟೆಲ್ಲ ಯಾಕೆ?" ಇದು ತಲೆಕೆಳಗಾದ ತರ್ಕ. ಇಂಜಿನಿಯರಿಂಗ್‌ನಲ್ಲಿ ಅವರು ಕಡಿಮೆ ಇರುವುದಕ್ಕೆ ಬಾಗಿಲು ಬಹಳ ಹಿಂದೆಯೇ ಮುಚ್ಚಿರುವುದೂ ಒಂದು ಕಾರಣ. 2024ರಲ್ಲಿ ಬಂದ "ಶ್ರೀಕಾಂತ್" ಸಿನಿಮಾ ಹೆಚ್ಚಿನವರು ನೋಡಿದ್ದೀರಿ. ಆಂಧ್ರದ ಶ್ರೀಕಾಂತ್ ಬೊಲ್ಲಾ ಅವರಿಗೆ ಹತ್ತನೇ ತರಗತಿ ಆದಮೇಲೆ ವಿಜ್ಞಾನ ತೆಗೆದುಕೊಳ್ಳಲಿಕ್ಕೇ ಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಅವರು ಅಮೆರಿಕದ ಎಂಐಟಿಯಲ್ಲಿ ಓದಿದರು. ಕೋರ್ಟಿಗೆ ಹೋಗಲಾಗದ ಎಷ್ಟು ಮಕ್ಕಳು ಮನಸ್ಸಿಲ್ಲದೆ ಬೇರೆ ಕೋರ್ಸ್ ಸೇರಿರಬಹುದು? ಸೇತುವೆ ಇಲ್ಲದ ಹೊಳೆಯನ್ನು ಯಾರೂ ದಾಟುತ್ತಿಲ್ಲ, ಹಾಗಾಗಿ ಸೇತುವೆ ಬೇಡ ಅಂದ ಹಾಗಾಯಿತು.

ಕಾನೂನು ಕೂಡ ನಮ್ಮ ತರ್ಕದ ಕಡೆಗೇ ಇದೆ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಮೀಸಲಿಟ್ಟಿತು. ಕಟ್ಟಡ, ಸಾರಿಗೆ, ಮಾಹಿತಿ ಎಲ್ಲರಿಗೂ ತಲುಪುವಂತಿರಬೇಕು ಅನ್ನುವ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಇದು ದಯೆಯ ವಿಷಯ ಆಗಿ ಉಳಿದಿರುವುದಿಲ್ಲ, ನಮ್ಮ ಡ್ರಾಯಿಂಗ್ ಪಾಸಾಗಲು ಬೇಕಾದ ಅಂಶ ಆಗಿರುತ್ತದೆ.

ಹಾಗಾದರೆ ಈಗ ಎಂತ ಮಾಡಬಹುದು? ದೊಡ್ಡ ಆಂದೋಲನ ಬೇಡ, ಮೂರು ಕೆಲಸ ಸಾಕು. ಮೊದಲನೆಯದು, ಕನ್ನಡ ಸಂಘದ ಪ್ರತಿ ಪೋಸ್ಟರ್ ಜೊತೆ ಯೂನಿಕೋಡ್ ಪಠ್ಯ ಹೋಗಲಿ, ವೀಡಿಯೊಗಳಿಗೆ ಕನ್ನಡ ಅಡಿಬರಹ ಇರಲಿ. ಎರಡನೆಯದು, ಅಂಗವೈಕಲ್ಯಕ್ಕೆ ಸಂಬಂಧಪಟ್ಟ ಯಾವುದೇ ಪ್ರಾಜೆಕ್ಟ್‌ನಲ್ಲಿ ಅದನ್ನು ಬಳಸುವವರು ಫಸ್ಟ್ ರಿವ್ಯೂಗೇ ಬರಲಿ, ಕೊನೆಯ ಫೋಟೊಗೆ ಅಲ್ಲ. ಅವರು "ಇದು ಬೇಡ" ಅಂದರೆ ಬಿಟ್ಟುಬಿಡುವ ಧೈರ್ಯ ಇರಲಿ. ಮೂರನೆಯದು, ವಿಟಿಯು ಸಿಲೆಬಸ್‌ನ ಸಾಮಾಜಿಕ ಸಂಪರ್ಕದ ಚಟುವಟಿಕೆಗೆ ಒಂದು ಟೇಪು, ಒಂದು ಸ್ಪಿರಿಟ್ ಲೆವೆಲ್ ಹಿಡಿದುಕೊಂಡು ಹೋಗಿ ತೋಡಾರು, ಮೂಡುಬಿದಿರೆಯ ಬಸ್ ತಂಗುದಾಣ, ಬ್ಯಾಂಕು, ಪಂಚಾಯತಿ, ಸಭಾಭವನಗಳ ಇಳಿಜಾರು ಅಳೆಯೋಣ. ಎಷ್ಟು ಉಂಟು, ಎಷ್ಟು ಬೇಕಿತ್ತು ಅಂತ ಎರಡು ಕಾಲಮ್ ಬರೆದು ಆಯಾ ಕಚೇರಿಗೆ ಕೊಡೋಣ. ಅಳತೆ ತೆಗೆಯುವುದಂತೂ ನಮಗೆ ಕಲಿಸಿದ್ದಾರಲ್ಲ.

ಮುಂದಿನ ವರ್ಷದ ಅಡ್ಮಿಷನ್ ಶುರುವಾಗುವಾಗ ಬಿಳಿ ಕೋಲು ಹಿಡಿದ ಅಥವಾ ಗಾಲಿಕುರ್ಚಿಯಲ್ಲಿ ಕೂತ ಯಾರಾದರೂ ಕಂಪ್ಯೂಟರ್ ಸೈನ್ಸ್ ಕೇಳಿಕೊಂಡು ತೋಡಾರಿಗೆ ಬರಬಹುದು. ಅವರಲ್ಲಿ ಪುಟ್ಟರಾಜರ ಪ್ರತಿಭೆ ಇರಲೇಬೇಕು ಅಂತ ಇಲ್ಲ. ನಮ್ಮ ಹಾಗೆ ಒಂದೆರಡು ಬ್ಯಾಕ್‌ಲಾಗ್ ಇಟ್ಟುಕೊಂಡು, ಕ್ಯಾಂಟೀನಿನಲ್ಲಿ ಗೋಳಿಬಜೆ ತಿಂದುಕೊಂಡು, ಸಾಧಾರಣ ವಿದ್ಯಾರ್ಥಿಯಾಗಿ ನಾಲ್ಕು ವರ್ಷ ಕಳೆಯುವ ಹಕ್ಕು ಅವರಿಗೂ ಉಂಟು. ಅದಕ್ಕೆ ಬೇಕಾದ್ದನ್ನು ನಾವು ಈ ಸೆಮಿಸ್ಟರ್‌ನಲ್ಲೇ ಶುರುಮಾಡಬಹುದು. ಟೇಪು ತರುವವರು ಯಾರ್ಯಾರು, ಹೇಳಿ.